ಕಳ್ಳನಾರು? ‘ತೀ’ ಚಿತ್ರ ಕೇಳದೆ ಬಿಟ್ಟ ಪ್ರಶ್ನೆ

ಕಳೆದ ಭಾನುವಾರ ಗಿರಣಿಯ ಹಿಂದಣ ಚಹದಂಗಡಿಯಲ್ಲಿ ಒಂದು ವಾಗ್ವಾದ ನಡೆಯಿತು. ನೂಲುವ ಖಾತೆಯ ಹುಡುಗನೊಬ್ಬ ತನ್ನ ಮೊಬೈಲಿನಲ್ಲಿ ಹಳೆಯ ತಮಿಳು ಚಿತ್ರವೊಂದನ್ನು ನೋಡುತ್ತ ಕುಳಿತಿದ್ದ. ಅವನ ಪಕ್ಕದಲ್ಲಿ ಮಗ್ಗದ ಖಾತೆಯಿಂದ ನಿವೃತ್ತರಾದ ಹಿರಿಯರೊಬ್ಬರು ಕತ್ತು ಚಾಚಿ ನೋಡುತ್ತಿದ್ದರು. ಚಿತ್ರದಲ್ಲಿ ಒಬ್ಬ ಕಾರ್ಮಿಕ ಮುಖಂಡ ಧಣಿಗಳು ಮುಂದೆ ಚಾಚಿದ ಕಾಗದಕ್ಕೆ ರುಜು ಹಾಕುತ್ತಾನೆ. ಹುಡುಗ ನಕ್ಕು ಹೇಳಿದ: “ನೋಡ್ರಿ ಯಜಮಾನ್ರೆ, ಲೀಡರುಗಳೆಲ್ಲ ಹಿಂಗೇ. ಕೊನೀಗೆ ನಮ್ಮನ್ನ ಮಾರ್ಕೊಂಡೇ ಹೋಗ್ತಾರೆ.” ಹಿರಿಯರು ತಲೆ ಅಲ್ಲಾಡಿಸಿದರು: “ತಮ್ಮಾ, ಅವನ ಹೆಂಡ್ತಿ ಮಕ್ಕಳನ್ನ ಹಿಡಿದು ಇಟ್ಟಾರಲ್ಲೋ, ಅದು ಕಾಣಲಿಲ್ಲೇನು ನಿನಗೆ?” “ಅದೇನೇ ಇರ್ಲಿ ಯಜಮಾನ್ರೆ, ರುಜು ಹಾಕಿದ್ದು ಅವನೇ ಹೌದಲ್ಲೋ?” ಎಂದ ಹುಡುಗ.

ಚಹದ ಲೋಟ ಕೆಳಗಿಡುವಷ್ಟರಲ್ಲಿ ಅಂಗಡಿಯಲ್ಲಿ ಎರಡು ಪಕ್ಷಗಳಾದವು. ನಮ್ಮನ್ನೂ ಮಧ್ಯಸ್ಥಿಕೆಗೆ ಕರೆದರು. ಅಲ್ಲಿ ನಾವು ಕೊಟ್ಟ ಉತ್ತರ ನಮಗೇ ಸಾಲದೆನಿಸಿತು. ಆದ್ದರಿಂದ ಈ ವಾರ ಈ ಅಂಕಣವನ್ನು ಆ ಉತ್ತರಕ್ಕೇ ಮೀಸಲಿಟ್ಟಿದ್ದೇವೆ. ಪ್ರಶ್ನೆ ಸಿನೆಮಾದ್ದಾದರೂ ಅದರ ಬೇರು ನಮ್ಮ ಗಿರಣಿಯ ಬಾಗಿಲಲ್ಲೇ ಇದೆಯೆಂದು ನಾವು ನಂಬುತ್ತೇವೆ.

ಚಿತ್ರದ ಹೆಸರು ‘ತೀ’. ತಮಿಳಿನಲ್ಲಿ ಬೆಂಕಿ ಎಂದರ್ಥ. 1981ರ ಜನವರಿ 26ರಂದು ತೆರೆಕಂಡಿತು. ನಿರ್ಮಾಪಕರು ಕೆ. ಬಾಲಾಜಿ, ನಿರ್ದೇಶಕರು ಆರ್. ಕೃಷ್ಣಮೂರ್ತಿ, ಸಂಗೀತ ಎಂ. ಎಸ್. ವಿಶ್ವನಾಥನ್ ಅವರದು. ನಾಯಕ ರಜನಿಕಾಂತ್, ತಾಯಿಯ ಪಾತ್ರದಲ್ಲಿ ಸಾಹುಕಾರ್ ಜಾನಕಿ, ತಮ್ಮನಾಗಿ ಸುಮನ್. ಕಥೆ ತಮಿಳಿನದಲ್ಲ. 1975ರ ಜನವರಿಯಲ್ಲಿ ಬಂದ ‘ದೀವಾರ್’ ಎಂಬ ಹಿಂದಿ ಚಿತ್ರದಿಂದ ತಂದದ್ದು. ಅದನ್ನು ಬರೆದವರು ಸಲೀಂ ಮತ್ತು ಜಾವೇದ್ ಎಂಬ ಜೋಡಿ, ನಿರ್ದೇಶಿಸಿದವರು ಯಶ್ ಚೋಪ್ರಾ, ಅಣ್ಣ ತಮ್ಮಂದಿರಾಗಿ ನಟಿಸಿದವರು ಅಮಿತಾಭ್ ಬಚ್ಚನ್ ಮತ್ತು ಶಶಿ ಕಪೂರ್. ದೀವಾರ್ ಎಂದರೆ ಗೋಡೆ. 1976ರಲ್ಲಿ ತೆಲುಗಿನವರೂ ಇದೇ ಕಥೆಯನ್ನು ಎನ್. ಟಿ. ರಾಮರಾಯರಿಂದ ‘ಮಗಾಡು’ ಎಂದು ಮಾಡಿಸಿದರು. ಬಾಲಾಜಿಯವರಂತೂ ಹಿಂದಿಯಲ್ಲಿ ಗೆದ್ದ ಚಿತ್ರಗಳನ್ನು ತಮಿಳಿಗೆ ತರುವುದರಲ್ಲಿ ಪಳಗಿದ ಕೈ. ಹಿಂದಿನ ವರ್ಷವೇ ‘ಡಾನ್’ ಚಿತ್ರವನ್ನು ಇದೇ ನಿರ್ದೇಶಕರಿಂದ, ಇದೇ ನಾಯಕನಿಂದ ‘ಬಿಲ್ಲಾ’ ಮಾಡಿಸಿ ಗೆದ್ದಿದ್ದರು. ಒಂದು ಸಂತೆಯಲ್ಲಿ ಖಾಲಿಯಾದ ಸರಕನ್ನೇ ಮುಂದಿನ ಸಂತೆಗೆ ಹೊರುವ ವ್ಯಾಪಾರಿಯ ಲೆಕ್ಕಾಚಾರ ಅದು. ನಮ್ಮ ವಾಚಕರಲ್ಲಿ ಅಂಗಡಿ ಇಟ್ಟವರು ಇದನ್ನು ತಪ್ಪೆನ್ನಲಾರರು, ನಾವೂ ಎನ್ನುವುದಿಲ್ಲ.

ನಮ್ಮ ಸಂಗಾತಿಗಳಲ್ಲಿ ಕೆಲವರು ಸಿನೆಮಾ ಎಂದೊಡನೆ ಮೂಗು ಮುರಿಯುತ್ತಾರೆ. ಅಳಿಸಿ ಹಣ ಮಾಡುವ ದಂಧೆ, ಅದಕ್ಕೇಕೆ ಪಕ್ಷದ ಪತ್ರಿಕೆಯಲ್ಲಿ ಜಾಗ ಎನ್ನುತ್ತಾರೆ. ಅವರ ಮಾತನ್ನು ನಾವು ಒಪ್ಪುವುದಿಲ್ಲ. ಹತ್ತು ಸಭೆ ಮಾಡಿ ನಾವು ಕೂಡಿಸಲಾರದಷ್ಟು ಜನರನ್ನು ಒಂದು ಟಾಕೀಸು ಒಂದೇ ಸಂಜೆ ಕೂಡಿಸುತ್ತಿತ್ತು. ದಣಿದು ಬಂದವರು ಅಲ್ಲಿ ಅಳುತ್ತಾರೆಂದರೆ ಅಳುವಂಥದ್ದು ಅವರ ಬಾಳಿನಲ್ಲಿ ಇದೆ ಎಂದೇ ಅರ್ಥ. ‘ತೀ’ ಚಿತ್ರದಲ್ಲಿ ಹೊರೆ ಹೊರುವವನು ನಾಯಕ. ಇಟ್ಟಿಗೆ ಹೊರುವವಳು ಅವನ ತಾಯಿ. ಸೇತುವೆಯ ಕೆಳಗೆ ಮಲಗಿ, ಹಾದಿಯಲ್ಲಿ ಬೂಟು ಒರೆಸಿ ಬೆಳೆದ ಹುಡುಗ ತನ್ನತ್ತ ಎಸೆದ ದುಡ್ಡನ್ನು ಬಗ್ಗಿ ಎತ್ತಿಕೊಳ್ಳಲು ಒಪ್ಪುವುದಿಲ್ಲ. ಅಂಥ ಸ್ವಾಭಿಮಾನ ತೆರೆಯ ಮೇಲೆ ಕಂಡಾಗ ಚಪ್ಪಾಳೆ ತಟ್ಟಿದವರನ್ನು ನಾವು ಹೀಯಾಳಿಸಲಾರೆವು. ಅಲ್ಲದೆ ಆ ತಮಿಳು ಹಮಾಲನ ವೇಷ ಹಾಕಿದಾತ ಬೆಂಗಳೂರಿನಲ್ಲಿ ಹುಟ್ಟಿದ ಶಿವಾಜಿರಾವ್. ಬಸ್ಸಿನಲ್ಲಿ ಟಿಕೀಟು ಹರಿದು ಕೊಟ್ಟು ಹೊಟ್ಟೆ ಹೊರೆದವನು. ಅವನ ಮೈಯಲ್ಲಿ ದುಡಿಮೆಯ ಗುರುತು ಇದ್ದದ್ದು ಸುಳ್ಳಲ್ಲ.

ಇಷ್ಟು ಮನ್ನಣೆ ಕೊಟ್ಟ ಮೇಲೆ ನಮ್ಮ ತಕರಾರನ್ನು ಹೇಳುತ್ತೇವೆ.

ರುಜು ಹಾಕಿದ್ದು ಯಾರು, ಹಾಕಿಸಿದ್ದು ಯಾರು?

ಕಥೆಯ ಬುಡಕ್ಕೆ ಹೋಗೋಣ. ಮೂಲ ಹಿಂದಿ ಚಿತ್ರದಲ್ಲಿ ನಾಯಕನ ತಂದೆ ಕಲ್ಲಿದ್ದಲು ಗಣಿಯ ಕೆಲಸಗಾರರ ಮುಂದಾಳು. ಪ್ರಾಮಾಣಿಕ. ಜನ ಅವನ ಒಂದು ಮಾತಿಗೆ ಕೆಲಸ ನಿಲ್ಲಿಸುತ್ತಾರೆ. ಮುಷ್ಕರ ಗೆಲ್ಲುವ ಹೊತ್ತಿಗೆ ಗಣಿಯ ಧಣಿ ಅವನ ಹೆಂಡತಿ ಮತ್ತು ಎರಡು ಮಕ್ಕಳನ್ನು ಹಿಡಿಸಿ, ಕಾಗದ ಮುಂದಿಡುತ್ತಾನೆ. ಕೆಲಸಗಾರರ ಬೇಡಿಕೆಗಳನ್ನೆಲ್ಲ ಬಿಟ್ಟುಕೊಟ್ಟ ಒಪ್ಪಂದ ಅದು. ತಂದೆ ರುಜು ಹಾಕುತ್ತಾನೆ. ಕೆಲಸಗಾರರು ಅವನನ್ನು ಹೊಡೆಯುತ್ತಾರೆ, ಉಗುಳುತ್ತಾರೆ. ಅವನು ಮುಖ ತೋರಿಸಲಾರದೆ ಊರು ಬಿಟ್ಟು ರೈಲುಗಳಲ್ಲಿ ಅಲೆಯುತ್ತಾನೆ. ಅವನ ಹಿರಿಯ ಮಗನನ್ನು ಕೆಲವರು ಹಿಡಿದು, ನನ್ನ ಅಪ್ಪ ಕಳ್ಳ ಎಂದು ಎಳೆಯ ತೋಳಿನ ಮೇಲೆ ಹಚ್ಚೆ ಚುಚ್ಚುತ್ತಾರೆ. ಆ ಹಚ್ಚೆ ಅಳಿಯುವುದಿಲ್ಲ. ಮುಂದಿನ ಕಥೆಯೆಲ್ಲ ಆ ತೋಳಿನ ಮೇಲಿನ ಅಕ್ಷರಗಳಿಂದ ಹುಟ್ಟಿದ್ದು. ಹಿರಿಯ ಮಗ ಕಳ್ಳಸಾಗಣೆದಾರನಾಗುತ್ತಾನೆ, ಕಿರಿಯ ಮಗ ಪೊಲೀಸ್ ಅಧಿಕಾರಿಯಾಗುತ್ತಾನೆ, ತಾಯಿ ಇಬ್ಬರ ನಡುವೆ ಸಿಕ್ಕಿ ನಲುಗುತ್ತಾಳೆ. ತಮಿಳಿನ ‘ತೀ’ ನಡೆದದ್ದೂ ಈ ಹೆಜ್ಜೆಗಳಲ್ಲೇ.

ಈಗ ವಾಚಕರು ಒಂದು ಕ್ಷಣ ಯೋಚಿಸಬೇಕು. ಕದ್ದವರು ಯಾರು? ಕೆಲಸಗಾರರ ಹಕ್ಕನ್ನು ಕದ್ದವನು ಧಣಿ. ಒಂದು ಸಂಸಾರವನ್ನೇ ಕದ್ದು ಒತ್ತೆ ಇಟ್ಟವನು ಧಣಿ. ಬಡ್ಡಿ ಬಾಕಿ ವ್ಯವಹಾರ ಬಲ್ಲ ನಮ್ಮ ವ್ಯಾಪಾರಿ ಮಿತ್ರರಿಗೆ ಇದು ಗೊತ್ತೇ ಇದೆ: ಬೆದರಿಸಿ ಪಡೆದ ಒಪ್ಪಿಗೆಯ ಕರಾರನ್ನು ಬೆದರಿಕೆಗೆ ಒಳಗಾದವನು ರದ್ದು ಮಾಡಿಸಬಹುದೆಂದು 1872ರ ಕರಾರು ಕಾಯಿದೆಯೇ ಹೇಳುತ್ತದೆ. ಇಂಗ್ಲೀಷರ ಕಾಲದ ಕಾನೂನಿಗೂ ಇದ್ದ ಈ ವಿವೇಕ ಚಿತ್ರದ ಊರಿನಲ್ಲಿ ಯಾರಿಗೂ ಇಲ್ಲ. ಮಕ್ಕಳ ಕತ್ತಿಗೆ ಕತ್ತಿ ಹಿಡಿದು ಪಡೆದ ರುಜುವನ್ನು ಎಲ್ಲರೂ ರುಜುವೆಂದೇ ಒಪ್ಪಿಬಿಡುತ್ತಾರೆ.

ಅದಕ್ಕಿಂತ ದೊಡ್ಡ ಸೋಜಿಗ ಇನ್ನೊಂದಿದೆ. ಆ ಧಣಿ ಮೊದಲ ಭಾಗದಲ್ಲೇ ಕಥೆಯಿಂದ ಮಾಯವಾಗುತ್ತಾನೆ. ಮುಂದೆ ಕಿರಿಯ ಮಗ ಪೊಲೀಸ್ ಅಧಿಕಾರಿಯಾದಾಗ ಒಡಹುಟ್ಟಿದ ಅಣ್ಣನ ಕಡತವನ್ನು ಬಿಚ್ಚುತ್ತಾನೆ, ತಂದೆಯ ಬಾಳನ್ನು ಹಾಳು ಮಾಡಿದವನ ಕಡತವನ್ನು ಬಿಚ್ಚುವುದಿಲ್ಲ. ಹಿರಿಯ ಮಗ ದೊಡ್ಡ ದೊಡ್ಡ ಗೂಂಡಾಗಳನ್ನು ಸದೆಬಡಿಯುತ್ತಾನೆ, ಆ ಗಣಿಯ ಕಡೆ ತಿರುಗಿಯೂ ನೋಡುವುದಿಲ್ಲ. ತಾಯಿ ಹಿರಿಯ ಮಗನನ್ನು ಶಪಿಸುತ್ತಾಳೆ, ಧಣಿಯ ಹೆಸರೆತ್ತುವುದಿಲ್ಲ. ಮೂರು ಗಂಟೆಯ ಚಿತ್ರದಲ್ಲಿ ಎಲ್ಲರಿಗೂ ಶಿಕ್ಷೆಯಾಗುತ್ತದೆ. ತಂದೆಗೆ, ತಾಯಿಗೆ, ಮಗನಿಗೆ, ಮಗ ಪ್ರೀತಿಸಿದ ಹೆಣ್ಣಿಗೆ. ಶಿಕ್ಷೆಯಾಗದೆ ಉಳಿಯುವವನು ಅವನೊಬ್ಬ.

ಚಹದಂಗಡಿಯ ಹುಡುಗ ರುಜು ಹಾಕಿದವನನ್ನಷ್ಟೆ ನೋಡಿದ. ನೋಡುವಂತೆ ಚಿತ್ರವೇ ಅವನಿಗೆ ಕಲಿಸಿತ್ತು.

ಒಬ್ಬನ ಬೆರಳಿನಲ್ಲಿದ್ದ ಸಂಘ

ಇಲ್ಲಿಗೆ ನಿಲ್ಲಿಸಿದರೆ ನಾವು ಧಣಿಯನ್ನು ಬೈದು ಕೈ ತೊಳೆದುಕೊಂಡಂತಾಗುತ್ತದೆ. ಕಹಿಯಾದ ಮಾತು ಇನ್ನೂ ಇದೆ, ಅದು ನಮಗೇ ಸಂಬಂಧಿಸಿದ್ದು.

ಧಣಿ ಆ ಮುಂದಾಳುವಿನ ಸಂಸಾರವನ್ನೇ ಏಕೆ ಹಿಡಿಸಿದ? ಸಾವಿರಾರು ಕೆಲಸಗಾರರಲ್ಲಿ ಒಬ್ಬನನ್ನು ಬಗ್ಗಿಸಿದರೆ ಸಾಕೆಂದು ಅವನಿಗೆ ತಿಳಿದಿತ್ತು. ಸಂಘ ಎಂಬುದು ಆ ಒಬ್ಬನ ಬೆರಳುಗಳಲ್ಲಿತ್ತು. ಅವನ ಹಿಂದೆ ಕಾರ್ಯಕಾರಿ ಸಮಿತಿ ಇರಲಿಲ್ಲ, ಒಪ್ಪಂದವನ್ನು ಓದಿ ಹೇಳಿ ಕೈ ಎತ್ತಿಸುವ ಮಹಾಸಭೆ ಇರಲಿಲ್ಲ, ಅವನ ಜೊತೆಗೆ ರುಜು ಹಾಕಬೇಕಾದ ಎರಡನೆಯವನು ಇರಲಿಲ್ಲ. ಅವನಿಗೆ ಜೈಕಾರ ಹಾಕುವವರಿದ್ದರು. ಜೈಕಾರ ಹಾಕುವವರು ಕಲ್ಲು ಎತ್ತಲು ಎಷ್ಟು ಹೊತ್ತು ಬೇಕು? ಚಿತ್ರ ಅದನ್ನು ಸರಿಯಾಗಿಯೇ ತೋರಿಸಿದೆ. ಬೆಳಿಗ್ಗೆ ಹೆಗಲ ಮೇಲೆ ಹೊತ್ತವರೇ ಸಂಜೆಗೆ ಅವನ ಮೈಮೇಲೆ ಬಿದ್ದರು. ಅವನ ಹೆಂಡತಿ ಮಕ್ಕಳು ಎಲ್ಲಿದ್ದರೆಂದು ಒಬ್ಬರೂ ವಿಚಾರಿಸಲಿಲ್ಲ.

ವಾಚಕ ಬಂಧುಗಳೇ, ಇದು ಸಿನೆಮಾದವರ ಕಟ್ಟುಕಥೆ ಎಂದು ತಳ್ಳಿಹಾಕಲು ನಮಗೆ ಬಾಯಿ ಬರುವುದಿಲ್ಲ. ಸಂಘದ ಸಭೆಗೆ ಬಾ ಎಂದರೆ ಮನೆಯಲ್ಲಿ ಕೆಲಸವಿದೆ ಎನ್ನುವವರು ನಮ್ಮಲ್ಲಿದ್ದಾರೆ. ವರ್ಷದ ಚಂದಾ ಕೇಳಿದರೆ ಮುಂದಿನ ಸಂಬಳಕ್ಕೆ ನೋಡೋಣ ಎನ್ನುವವರಿದ್ದಾರೆ. ಕೆಲಸವನ್ನೆಲ್ಲ ಮುಂದಾಳುವಿನ ತಲೆಗೆ ಕಟ್ಟಿ, ಬಂದರೆ ನಮ್ಮ ಹಕ್ಕು, ಬರದಿದ್ದರೆ ಅವನ ಕಳ್ಳತನ ಎಂದು ತೀರ್ಮಾನಿಸುವವರಿದ್ದಾರೆ. ಮುಂದಾಳುಗಳಲ್ಲೂ ತಪ್ಪಿದೆ. ಎಲ್ಲ ತನ್ನಿಂದಲೇ ನಡೆಯಬೇಕೆಂಬ ಹಂಬಲ, ಲೆಕ್ಕದ ಪುಸ್ತಕವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವ ಚಾಳಿ, ತನ್ನ ನಂತರ ಯಾರು ಎಂಬ ಪ್ರಶ್ನೆಯೇ ಕಿವಿಗೆ ಬೀಳದ ಕಿವುಡು. ಹೀಗೆ ಒಬ್ಬನ ಮೇಲೆ ನಿಲ್ಲಿಸಿದ ಸಂಘವನ್ನು ಕೆಡವಲು ಧಣಿಗೆ ಗೂಂಡಾಗಳೂ ಬೇಕಿಲ್ಲ. ಒಂದು ಜ್ವರ ಸಾಕು, ಒಂದು ಲಂಚ ಸಾಕು, ಒಂದು ಮೊಕದ್ದಮೆ ಸಾಕು.

ಆದ್ದರಿಂದ ಆ ಹುಡುಗನ ತೋಳಿನ ಮೇಲೆ ಸೂಜಿ ಚುಚ್ಚಿದ ಕೈಗಳಲ್ಲಿ ಒಂದು ಕೈ ನಮ್ಮದೂ ಆಗಿತ್ತು.

ಬಂದರಿನಲ್ಲಿ ಕಂಡದ್ದು, ಕಾಣದ್ದು

ಹುಡುಗ ಬೆಳೆದು ಮುಂಬಯಿ ಬಂದರಿನಲ್ಲಿ ಹಮಾಲನಾಗುತ್ತಾನೆ. ಅಲ್ಲಿ ಸಂಬಳದ ದಿನ ಗೂಂಡಾಗಳು ಪ್ರತಿಯೊಬ್ಬ ಹಮಾಲನಿಂದ ಹಪ್ತಾ ವಸೂಲಿ ಮಾಡುತ್ತಾರೆ. ಕೊಡಲೊಪ್ಪದ ಎಳೆಯನೊಬ್ಬ ಪ್ರಾಣ ಕಳೆದುಕೊಳ್ಳುತ್ತಾನೆ. ಆಗ ನಮ್ಮ ನಾಯಕ ಗೋದಾಮಿನ ಬಾಗಿಲು ಮುಚ್ಚಿ ಅಷ್ಟೂ ಜನರನ್ನು ಒಬ್ಬನೇ ಹೊಡೆದು ಕೆಡವುತ್ತಾನೆ. ಹಮಾಲರು ಹೊರಗೆ ನಿಂತು ಕಾಯುತ್ತಾರೆ. ಟಾಕೀಸಿನಲ್ಲಿ ಕುಳಿತ ಹಮಾಲರೂ ಸೀಟಿನಲ್ಲಿ ಕುಳಿತು ಕಾಯುತ್ತಾರೆ. ಇದು ಇಡೀ ಚಿತ್ರದ ಅತಿ ಹುರುಪಿನ ದೃಶ್ಯ. ನಮಗಂತೂ ಅತಿ ದುಃಖದ ದೃಶ್ಯ. ತಂದೆ ಒಬ್ಬನೇ ನಿಂತು ಸೋತ. ಮಗನೂ ಅದೇ ಪಾಠ ಓದಿ ಒಬ್ಬನೇ ನಿಂತ. ಗೆದ್ದನೆಂಬುದಷ್ಟೇ ವ್ಯತ್ಯಾಸ. ಗೆದ್ದ ಮರುದಿನವೇ ಕಳ್ಳಸಾಗಣೆಯ ಒಬ್ಬ ದೊಡ್ಡ ಕುಳ ಅವನಿಗೆ ಬೆಲೆ ಕಟ್ಟಿ ಕರೆದುಕೊಂಡು ಹೋದ. ಹಿಂದೆ ಉಳಿದ ಹಮಾಲರ ಗತಿ ಏನಾಯಿತೆಂದು ಚಿತ್ರ ಹೇಳುವುದಿಲ್ಲ.

ನಿಜವಾದ ಬಂದರಿನಲ್ಲಿ ಏನಾಯಿತೆಂಬುದನ್ನು ನಾವು ಹೇಳುತ್ತೇವೆ. ಹಿಂದೆ ಬಂದರುಗಳಲ್ಲಿ ದಿನಗೂಲಿಯೇ ಪದ್ಧತಿ. ಮುಕದ್ದಮ ಬೆರಳು ತೋರಿಸಿದವನಿಗೆ ಆ ದಿನದ ಅನ್ನ, ಅದರಲ್ಲಿ ಮುಕದ್ದಮನಿಗೂ ಪಾಲು. ನಮ್ಮ ಗಿರಣಿಗಳ ಬದಲಿ ಕೆಲಸಗಾರರಿಗೂ ಅವರ ಜಾಬರನಿಗೂ ಇದ್ದ ನಂಟೇ ಅದು. ಬಂದರಿನ ಕೂಲಿಗಾರರ ಹೆಸರು ನೋಂದಾಯಿಸಬೇಕೆಂದು 1931ರಲ್ಲೇ ಕಾರ್ಮಿಕರ ಬಗೆಗಿನ ರಾಯಲ್ ಕಮಿಷನ್ ಹೇಳಿತ್ತು. ಆದರೆ ವರದಿಗಳು ತಾವಾಗಿ ಎದ್ದು ನಡೆಯುವುದಿಲ್ಲ. 1948ರಲ್ಲಿ ಬಂದರು ಕಾರ್ಮಿಕರ ಉದ್ಯೋಗ ನಿಯಂತ್ರಣ ಕಾಯಿದೆ ಬಂತು. ಅದರ ಕೆಳಗೆ ಮುಂಬಯಿಗೆ 1951ರಲ್ಲಿ ಯೋಜನೆ ರೂಪುಗೊಂಡಿತು. ಹೆಸರು ನೋಂದಣಿ, ಸರದಿಯಂತೆ ಕೆಲಸ, ತಿಂಗಳಿಗೆ ಇಷ್ಟೆಂದು ಖಾತ್ರಿ ಕೂಲಿ, ಹಾಜರಾಗಿಯೂ ಕೆಲಸ ಸಿಗದ ದಿನಕ್ಕೆ ಭತ್ಯ. ಇವೆಲ್ಲ ಒಬ್ಬ ಗಂಡುಗಲಿಯ ಮುಷ್ಟಿಯಿಂದ ಬಂದವಲ್ಲ. ಪಿ. ಡಿ’ಮೆಲ್ಲೊ ಅಂಥವರು ಬಂದರಿನ ಗೇಟುಗಳಲ್ಲಿ ನಿಂತು, ಭಾಷೆ ಭಾಷೆಯ ಹಮಾಲರನ್ನು ಒಂದು ಸಂಘಕ್ಕೆ ತಂದು, ಜೈಲು ಕಂಡು ಗಳಿಸಿದ್ದು. 1958ರಲ್ಲಿ ತೀರಿಕೊಂಡ ಆತನ ಹೆಸರು ಇಂದು ಮುಂಬಯಿಯ ಬಂದರಿಗೆ ಹೊಂದಿದ ರಸ್ತೆಗೆ ಇದೆ.

ಡಿ’ಮೆಲ್ಲೊರ ಕೈಕೆಳಗೆ ಪಳಗಿದ ಒಬ್ಬ ಹುಡುಗ ನಮ್ಮ ಮಂಗಳೂರಿನವನು. 1949–50ರ ಸುಮಾರಿಗೆ ಕೆಲಸ ಹುಡುಕಿ ಮುಂಬಯಿಗೆ ಹೋಗಿ, ಚೌಪಾಟಿಯ ಬೆಂಚುಗಳ ಮೇಲೆ ಮಲಗಿದವನು. ಚಿತ್ರದ ಹುಡುಗನಂತೆಯೇ ಹಾದಿಬದಿಯಲ್ಲಿ ರಾತ್ರಿ ಕಳೆದವನು. ಅವನು ಗೋದಾಮಿನ ಬಾಗಿಲು ಮುಚ್ಚಿ ಹೊಡೆದಾಡಲಿಲ್ಲ. ಬಂದರಿನ ಹಮಾಲರನ್ನು, ಆ ಮೇಲೆ ನಗರಸಭೆಯ ಕೆಲಸಗಾರರನ್ನು, ಟ್ಯಾಕ್ಸಿ ಚಾಲಕರನ್ನು ಸಂಘಟಿಸಿದ. 1967ರಲ್ಲಿ ಮುಂಬಯಿಯ ಅಧಿಪತಿಯೆಂದೇ ಹೆಸರಾಗಿದ್ದ ಎಸ್. ಕೆ. ಪಾಟೀಲರನ್ನು ಲೋಕಸಭಾ ಚುನಾವಣೆಯಲ್ಲಿ ಸೋಲಿಸಿದ. ಜಾರ್ಜ್ ಫರ್ನಾಂಡಿಸ್ ಅವರ ಮುಂದಿನ ರಾಜಕಾರಣವನ್ನು ಮೆಚ್ಚದವರು ನಮ್ಮಲ್ಲೇ ಬಹಳ ಮಂದಿ ಇದ್ದಾರೆ. ಆ ಚರ್ಚೆ ಬೇರೆ. ಸೇತುವೆಯ ಕೆಳಗಿನಿಂದ ಮೇಲೆ ಬರಲು ಕಳ್ಳಸಾಗಣೆ, ಪೊಲೀಸು ಎಂಬ ಎರಡೇ ಮೆಟ್ಟಿಲುಗಳಿಲ್ಲ ಎಂಬುದಕ್ಕೆ ಆ ಬಂದರೇ ಸಾಕ್ಷಿ ಎಂಬುದಷ್ಟೇ ನಮ್ಮ ಮಾತು.

ಮೂಲ ಚಿತ್ರದ ನಾಯಕನಿಗೆ ಮುಂಬಯಿಯ ಹಾಜಿ ಮಸ್ತಾನ್ ಮಾದರಿ ಎಂದು ಜನ ಅಂದಿನಿಂದಲೂ ಹೇಳುತ್ತ ಬಂದಿದ್ದಾರೆ. ಆತ ತಮಿಳುನಾಡಿನ ರಾಮನಾಥಪುರ ಸೀಮೆಯವನು, ಬಂದರಿನಲ್ಲಿ ಹೊರೆ ಹೊತ್ತವನು, ಮುಂದೆ ಚಿನ್ನದ ಕಳ್ಳಸಾಗಣೆಯಲ್ಲಿ ಹೆಸರಾದವನು. ಆ ಲೆಕ್ಕದಲ್ಲಿ ಕಥೆ ಹಿಂದಿಯಿಂದ ತಮಿಳಿಗೆ ಬಂದದ್ದು ಒಂದು ಬಗೆಯಲ್ಲಿ ತವರಿಗೆ ಬಂದಂತೆ. ಒಂದೇ ಬಂದರಿನಿಂದ ಇಬ್ಬರು ಎದ್ದರು. ಬೆಳ್ಳಿತೆರೆಗೆ ಹಿಡಿಸಿದವನು ಒಬ್ಬನೇ.

ಎರಡು ಮಕ್ಕಳು, ಇಲ್ಲದ ಮೂರನೆಯವನು

ಕಳ್ಳಸಾಗಣೆಯ ಬಗ್ಗೆ ನಮ್ಮ ಸಣ್ಣ ವ್ಯಾಪಾರಿಗಳಿಗೆ ಒಂದು ಮಾತು. ಚಿತ್ರದಲ್ಲಿ ಚಿನ್ನದ ಪೆಟ್ಟಿಗೆಗಳು ರಾತ್ರಿ ದಡಕ್ಕೆ ಬರುತ್ತವೆ, ನಾಯಕ ಸೂಟು ತೊಡುತ್ತಾನೆ, ತಾಯಿ ಇಟ್ಟಿಗೆ ಹೊತ್ತು ಕಟ್ಟಿದ ಕಟ್ಟಡವನ್ನೇ ಅವಳಿಗಾಗಿ ಕೊಳ್ಳುತ್ತಾನೆ. ನೋಡಲು ಎಷ್ಟು ಚೆನ್ನ! ಆ ಕಾಲದ ಚಿನ್ನದ ಕಥೆ ಅಕ್ಕಸಾಲಿಗರ ಓಣಿಯಲ್ಲಿ ಬೇರೆ ಇತ್ತು. 1963ರ ಜನವರಿಯಲ್ಲಿ ಬಂದ ಚಿನ್ನ ನಿಯಂತ್ರಣ ನಿಯಮಗಳು 14 ಕ್ಯಾರೆಟ್ಟಿಗಿಂತ ಹೆಚ್ಚು ಶುದ್ಧದ ಹೊಸ ಒಡವೆ ಮಾಡಬಾರದೆಂದವು. ಕುಲುಮೆ ಊದಿ ಬದುಕುತ್ತಿದ್ದ ಅಕ್ಕಸಾಲಿಗರ ಕುಲುಮೆ ಆರಿತು. 1968ರಲ್ಲಿ ಚಿನ್ನ ನಿಯಂತ್ರಣ ಕಾಯಿದೆಯೇ ಬಂತು, ಅದು ರದ್ದಾದದ್ದು 1990ರಲ್ಲಿ. ಆ ಉದ್ದಕ್ಕೂ ಚಿಕ್ಕವನ ತಕ್ಕಡಿಗೆ ಇನ್ಸ್‌ಪೆಕ್ಟರು ಬಂದರು, ದೊಡ್ಡವನ ದೋಣಿ ದಡ ಸೇರುತ್ತಲೇ ಇತ್ತು. ಚಿತ್ರದ ನಾಯಕ ಬಡವರ ಪರವಾಗಿ ಲೋಕದ ಮೇಲೆ ಸೇಡು ತೀರಿಸಿಕೊಂಡನೆಂದು ನೆನೆಯುವ ಮಿತ್ರರು ಆ ಆರಿದ ಕುಲುಮೆಗಳನ್ನೂ ನೆನೆಯಬೇಕು.

ಇನ್ನು ಕಿರಿಯ ಮಗ. ಅವನು ಸತ್ಯವಂತ. ಒಂದು ದಿನ ಓಡುತ್ತಿದ್ದ ಹುಡುಗನೊಬ್ಬನ ಕಾಲಿಗೆ ಗುಂಡು ಹಾರಿಸುತ್ತಾನೆ. ಆ ಹುಡುಗ ಕದ್ದದ್ದು ಹಸಿದ ಮನೆಗೆ ರೊಟ್ಟಿ. ಮನ ಕಲಕಿ ಅವನ ಮನೆಗೆ ಹೋಗುತ್ತಾನೆ. ಹುಡುಗನ ತಂದೆ ಒಬ್ಬ ಬಡ ನಿವೃತ್ತ ಮಾಸ್ತರ. ಕಳ್ಳತನ ಸಣ್ಣದಾದರೂ ಕಳ್ಳತನವೇ ಎಂಬ ಪಾಠವನ್ನು ಆತ ಹೇಳುತ್ತಾನೆ. ಪೊಲೀಸ್ ಮಗನ ಅಳುಕು ಹೋಗುತ್ತದೆ, ಅಣ್ಣನನ್ನು ಬೇಟೆಯಾಡಲು ಮನಸ್ಸು ಗಟ್ಟಿಯಾಗುತ್ತದೆ. ಮೂಲ ಚಿತ್ರದಲ್ಲಿ ಈ ಮಾಸ್ತರನಾಗಿ ನಟಿಸಿದವರು ಎ. ಕೆ. ಹಾನಗಲ್. ಹೆಸರು ಕೇಳಿ ನಮ್ಮ ಹಾನಗಲ್ಲಿನವರೆಂದು ಭಾವಿಸಬೇಡಿ, ಅವರು ಕಾಶ್ಮೀರಿ ಮನೆತನದವರು. ನಿಜಜೀವನದಲ್ಲಿ ಹೊಲಿಗೆಯವರಾಗಿ ದುಡಿದು, ಕರಾಚಿಯಲ್ಲಿ ಕಮ್ಯೂನಿಸ್ಟ್ ಪಕ್ಷದ ಕೆಲಸ ಮಾಡಿ ಜೈಲು ಕಂಡವರು. ಅಂಥವರ ಬಾಯಲ್ಲಿ ಈ ಪಾಠ ಹೇಳಿಸಿದ್ದು ವಿಧಿಯ ವಿನೋದವೇ ಸರಿ. ರೊಟ್ಟಿಯ ಕಳ್ಳತನಕ್ಕೆ ಗುಂಡಿದೆ. ಗಣಿಯ ಕೆಲಸಗಾರರ ಕೂಲಿಯ ಕಳ್ಳತನಕ್ಕೆ ಏನಿದೆ ಎಂದು ಮಾಸ್ತರ ಕೇಳಬಹುದಿತ್ತು. ಕೇಳಿಸಲಿಲ್ಲ.

ಕೊನೆಗೆ ತಮ್ಮನ ಗುಂಡು ತಗುಲಿದ ಅಣ್ಣ ದೇವಾಲಯದಲ್ಲಿ ತಾಯಿಯ ತೊಡೆಯ ಮೇಲೆ ಸಾಯುತ್ತಾನೆ. ತಮ್ಮನಿಗೆ ಸನ್ಮಾನವಾಗುತ್ತದೆ. 1957ರ ‘ಮದರ್ ಇಂಡಿಯಾ’ದಲ್ಲಿ ತಾಯಿಯೇ ಮಗನಿಗೆ ಗುಂಡಿಟ್ಟಳು, 1961ರ ‘ಗಂಗಾ ಜಮುನಾ’ದಲ್ಲಿ ಪೊಲೀಸ್ ತಮ್ಮ ಡಕಾಯಿತ ಅಣ್ಣನಿಗೆ ಗುಂಡಿಟ್ಟ. ‘ಗಂಗಾ ಜಮುನಾ’ವನ್ನೂ ತಮಿಳಿನವರು 1971ರಲ್ಲಿ ಶಿವಾಜಿ ಗಣೇಶನ್ ಅವರಿಂದ ‘ಇರು ತುರುವಂ’ ಎಂದು ಮಾಡಿಸಿಕೊಂಡರು. ಜಮೀನ್ದಾರ, ಸಾಹುಕಾರ, ಗಣಿಯ ಧಣಿ ಹೊತ್ತಿಸಿದ ಕಿಚ್ಚು ಪ್ರತಿ ಸಾರಿಯೂ ಒಂದೇ ಬಡ ಸಂಸಾರದೊಳಗೆ ಉರಿದು ಅಲ್ಲೇ ಆರುತ್ತದೆ. ಮನೆಯವರೇ ಮನೆಯವರನ್ನು ಕೊಂದುಕೊಳ್ಳುತ್ತಾರೆ. ಪ್ರೇಕ್ಷಕರು ಕಣ್ಣೊರೆಸಿಕೊಂಡು ಹೊರಗೆ ಬರುತ್ತಾರೆ. ಹಿಂದಿಯವರು ಇದನ್ನು ಗೋಡೆ ಎಂದರು, ತಮಿಳಿನವರು ಬೆಂಕಿ ಎಂದರು. ಗೋಡೆ ಕಟ್ಟಿದವನನ್ನೂ ಬೆಂಕಿ ಇಟ್ಟವನನ್ನೂ ಇಬ್ಬರೂ ಹಿಡಿದು ತರಲಿಲ್ಲ.

ಆ ತಾಯಿಗೆ ಇಬ್ಬರೇ ಮಕ್ಕಳು. ತಂದೆಯ ಕೆಲಸವನ್ನು ಮುಂದುವರಿಸುವ ಮೂರನೆಯ ಮಗ ಇದ್ದಿದ್ದರೆ ಎಂದು ನಾವು ಯೋಚಿಸಿದ್ದುಂಟು. ಅವನು ಗಣಿಗೆ ಮರಳಿ ಹೋಗುತ್ತಿದ್ದ, ಆ ಒಪ್ಪಂದದ ಕಾಗದವನ್ನು ಮತ್ತೆ ತೆರೆಸುತ್ತಿದ್ದ, ತಂದೆಯನ್ನು ಹೊಡೆದವರ ಮುಂದೆಯೇ ನಿಂತು ನಡೆದದ್ದನ್ನು ಹೇಳುತ್ತಿದ್ದ.

ಮುಂದಾಳು ಸೆರೆಯಾದ ಮೇಲೂ

ಇದು ಬರಿಯ ಹಗಲುಗನಸೇ? ‘ದೀವಾರ್’ ಬರುವುದಕ್ಕೆ ಎಂಟು ತಿಂಗಳ ಹಿಂದೆ ನಡೆದದ್ದನ್ನು ನೆನೆಯಿರಿ. 1974ರ ಮೇ 8ರಂದು ದೇಶದ ರೈಲ್ವೆ ಕೆಲಸಗಾರರು ಮುಷ್ಕರ ಹೂಡಿದರು. ಸುಮಾರು 17 ಲಕ್ಷ ಜನರ ಮುಷ್ಕರವೆಂದು ಲೆಕ್ಕ. ಮುಂದಾಳು ಜಾರ್ಜ್ ಫರ್ನಾಂಡಿಸರನ್ನು ಸರಕಾರ ಮೇ 2ರಂದೇ ಹಿಡಿದು ಸೆರೆಗೆ ಹಾಕಿತ್ತು. ಚಿತ್ರದ ಧಣಿಯ ಲೆಕ್ಕಾಚಾರವೇ ಸರಕಾರದ್ದೂ ಆಗಿತ್ತು. ಆದರೆ ಮುಷ್ಕರ ನಿಲ್ಲಲಿಲ್ಲ. ಸಾವಿರ ಸಾವಿರ ಜನರ ಬಂಧನವಾಯಿತು, ಕೆಲಸ ಹೋಯಿತು, ಹೆಂಡಿರು ಮಕ್ಕಳನ್ನು ರೈಲ್ವೆ ಕ್ವಾರ್ಟರ್ಸುಗಳಿಂದ ಬೀದಿಗೆ ತಳ್ಳಿದರು. ಆದರೂ ಅದು ಮೇ 27ರವರೆಗೆ ನಡೆಯಿತು. ಗೆದ್ದಿತೆಂದು ನಾವು ಹೇಳುವುದಿಲ್ಲ, ಅದನ್ನು ಮುರಿದುಹಾಕಲಾಯಿತು. ಆದರೆ ಅಂದು ಕೇಳಿ ಸಿಗದ ಬೋನಸ್ಸು 1979–80ರಿಂದ ರೈಲ್ವೆ ಕೆಲಸಗಾರರಿಗೆ ಸಿಕ್ಕಿತು. ಒಬ್ಬನನ್ನು ಹಿಡಿದರೆ ನಿಲ್ಲದ ಮುಷ್ಕರಕ್ಕೆ ನಾಳೆ ಎಂಬುದು ಇರುತ್ತದೆ.

ಇನ್ನೊಂದು ನೆನಪು ಗಿರಣಿಯವರಾದ ನಮಗೆ ಹೆಚ್ಚು ನೋಯುವಂಥದು. ‘ತೀ’ ತೆರೆಕಂಡ ಮರುವರ್ಷ, 1982ರ ಜನವರಿ 18ರಂದು, ಮುಂಬಯಿಯ ಸುಮಾರು ಎರಡೂವರೆ ಲಕ್ಷ ಗಿರಣಿ ಕೆಲಸಗಾರರು ಡಾ. ದತ್ತಾ ಸಾಮಂತರನ್ನು ನಂಬಿ ಹೊರಬಂದರು. ಅವರ ಧೈರ್ಯಕ್ಕೆ ನಾವು ಇಂದಿಗೂ ತಲೆಬಾಗುತ್ತೇವೆ. ಸರಕಾರ ಮನ್ನಣೆ ಕೊಟ್ಟಿದ್ದ ಸಂಘ ಅವರದಾಗಿರಲಿಲ್ಲ, ಕಾನೂನು ಅವರ ಕಡೆಗಿರಲಿಲ್ಲ, ಮಾಲೀಕರಿಗೆ ಗಿರಣಿಗಿಂತ ಗಿರಣಿಯ ನೆಲವೇ ಬೆಲೆಯುಳ್ಳದ್ದಾಗುತ್ತಿತ್ತು. ಇಷ್ಟೆಲ್ಲದರ ಎದುರು ಭಾರವೆಲ್ಲ ಒಬ್ಬ ಮನುಷ್ಯನ ಮೇಲೆ ಬಿತ್ತು. ವರ್ಷ ಕಳೆದರೂ ಇತ್ಯರ್ಥವಾಗಲಿಲ್ಲ, ಆ ಮುಷ್ಕರವನ್ನು ವಿಧಿವತ್ತಾಗಿ ಹಿಂತೆಗೆದದ್ದೇ ಇಲ್ಲ. ಎಷ್ಟೋ ಸಂಸಾರಗಳು ಹಳ್ಳಿಗೆ ಮರಳಿದವು. ಎಷ್ಟೋ ಮನೆಗಳ ಹುಡುಗರು ಚಿತ್ರದ ಹಿರಿಯ ಮಗ ಹಿಡಿದ ದಾರಿಯನ್ನೇ ಹಿಡಿದರು. 1997ರ ಜನವರಿ 16ರಂದು ಸಾಮಂತರನ್ನೂ ಗುಂಡಿಟ್ಟು ಕೊಂದರು. ಸಿನೆಮಾ ಹೇಳಿದ ಕಥೆ ಗಿರಣಿಗಳ ಓಣಿಯಲ್ಲಿ ಹೀಗೆ ಮತ್ತೊಮ್ಮೆ ನಡೆಯಿತು.

ಆದ್ದರಿಂದ ಚಿತ್ರವನ್ನು ನೋಡಬೇಡಿರೆಂದು ನಾವು ಹೇಳುವುದಿಲ್ಲ. ನೋಡಿ, ಅಳಬೇಕೆನಿಸಿದರೆ ಅಳಿ. ನೋಡಿ ಎದ್ದ ಮೇಲೆ ನಿಮ್ಮ ಸಂಘದ ಕಚೇರಿಗೆ ಹೋಗಿ ನಾಲ್ಕು ವಿಷಯ ವಿಚಾರಿಸಿ. ಧಣಿಯ ಜೊತೆ ಮಾತಿಗೆ ಒಬ್ಬರೇ ಹೋಗುತ್ತಾರೋ, ಮೂವರೋ? ಒಪ್ಪಂದದ ಕರಡನ್ನು ರುಜುವಿಗೆ ಮುಂಚೆ ಮಹಾಸಭೆಯಲ್ಲಿ ಕನ್ನಡದಲ್ಲಿ ಓದಿ ಹೇಳುತ್ತಾರೋ ಇಲ್ಲವೋ? ಲೆಕ್ಕದ ಪುಸ್ತಕ ಕೇಳಿದವನ ಕೈಗೆ ಸಿಗುತ್ತದೆಯೋ? ಮುಂದಾಳುವಿಗೆ ಕಷ್ಟ ಬಂದರೆ ಅವನ ಮನೆಯನ್ನು ನೋಡಿಕೊಳ್ಳಲು ನಿಧಿ ಇದೆಯೋ? ಈ ನಾಲ್ಕಕ್ಕೂ ಒಳ್ಳೆಯ ಉತ್ತರವಿರುವ ಸಂಘದ ಮುಂದಾಳುವಿನ ಮಕ್ಕಳನ್ನು ಯಾವ ಧಣಿಯೂ ಮುಟ್ಟುವುದಿಲ್ಲ, ಮುಟ್ಟಿದರೂ ಏನೂ ಗಿಟ್ಟುವುದಿಲ್ಲ.

ಚಹದಂಗಡಿಯ ಹುಡುಗನಿಗೆ ನಮ್ಮ ಉತ್ತರ ಇದು. ತಮ್ಮಾ, ರುಜು ಹಾಕಿದ್ದು ಅವನೇ, ನಿಜ. ಅವನ ಕೈ ಹಿಡಿದು ಹಾಕಿಸಿದವನು ಧಣಿ. ಆ ಕೈಯನ್ನು ಒಂಟಿಯಾಗಿ ಬಿಟ್ಟವರು ನಾವು. ಮುಂದಿನ ಶನಿವಾರ ಸಂಜೆ ಸಂಘದ ಮಹಾಸಭೆ ಇದೆ. ನೀನೂ ಬಾ, ಹಿರಿಯರನ್ನೂ ಕರೆದು ತಾ.